ಬ್ಯಾಂಕಾಕ್‌ನಲ್ಲಿ ಬಾರದ ಒಟಿಪಿ

ಇವತ್ತು ನಾನೇ ಮಾಡಿಕೊಂಡ ಒಂದು ಎಡವಟ್ಟಿನ ಕಥೆ ಹೇಳ್ತೀನಿ.

ಮೊದಲ ಸಲ ಥಾಯ್ಲೆಂಡ್‌ಗೆ ಹೋಗಿದ್ದೆ. ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತೋರಿಸಿ ಟೂರಿಸ್ಟ್ ಸಿಮ್ ತಗೊಂಡೆ. ನನ್ನ ಫೋನ್‌ನಲ್ಲಿ ಒಂದೇ ಸಿಮ್‌ಗೆ ಜಾಗ. ಊರಿನ ಸಿಮ್ ತೆಗೆದು ಪರ್ಸ್‌ಗೆ ಹಾಕಿದೆ. ಇಂಟರ್ನೆಟ್ ಬಂತು, ಖುಷಿಯಾಯ್ತು.

ರಾತ್ರಿ ಹೋಟೆಲ್ ಬುಕ್ ಮಾಡೋಕೆ ಹೋದ್ರೆ ಒಟಿಪಿ ಕೇಳ್ತು. ಅದು ಬರೋದು ಊರಿನ ನಂಬರ್‌ಗೆ. ಪರ್ಸ್ ತೆರೆದು ನೋಡಿದ್ರೆ ಸಿಮ್ಮೇ ಇಲ್ಲ! ಉಗುರಿನಷ್ಟು ಚಿಕ್ಕದು, ಎಲ್ಲೋ ಬಿದ್ದುಹೋಗಿತ್ತು. ಖಾತೆಯಲ್ಲಿ ದುಡ್ಡಿದೆ, ಬಳಸೋ ಹಾಗಿಲ್ಲ. ಕೊನೆಗೆ ಅಕ್ಕನಿಗೆ ವಾಟ್ಸ್‌ಆ್ಯಪ್ ಕಾಲ್ ಮಾಡಿದೆ. ಬೈತಾ ಬೈತಾನೇ ತನ್ನ ಕಾರ್ಡ್‌ನಿಂದ ರೂಮ್ ಬುಕ್ ಮಾಡಿಕೊಟ್ಟಳು.

ಈಗ ನಾನು ಇ-ಸಿಮ್ ಬಳಸ್ತೀನಿ. ಊರಿನ ಸಿಮ್ ಫೋನ್‌ನಲ್ಲೇ ಇರುತ್ತೆ. ನೀವೂ *#06# ಒತ್ತಿ ನೋಡಿ. ಇಐಡಿ ಅನ್ನೋ ಉದ್ದನೆಯ ಸಂಖ್ಯೆ ಕಂಡರೆ ನಿಮ್ಮ ಫೋನ್‌ಗೂ ಸಾಮಾನ್ಯವಾಗಿ ಇ-ಸಿಮ್ ಹಾಕಬಹುದು. ಹೊರಡೋ ಮುಂಚೆ ಮನೆಯ ವೈಫೈನಲ್ಲೇ ಇನ್‌ಸ್ಟಾಲ್ ಮಾಡಿಕೊಳ್ಳಿ.

ಊರಿನ ಸಿಮ್‌ಗೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ, ಒಟಿಪಿ ಮೆಸೇಜ್ ಬರೋದಕ್ಕೆ. ಆದರೆ ಆ ಸಿಮ್‌ನ ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ. ಇಲ್ಲದಿದ್ರೆ ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎಲ್ಲ ಸೇರಿ ನಿಮಗೆ ಗೊತ್ತಿಲ್ಲದೇ ಬಿಲ್ ಏರಿಸುತ್ತವೆ. ಆ ನಂಬರ್‌ಗೆ ಬರೋ ಕಾಲ್ ಎತ್ತಿದ್ರೂ ದುಡ್ಡು ಹೋಗಬಹುದು, ನೆನಪಿರಲಿ.

ಹೊರದೇಶದಲ್ಲಿ ಇಂಟರ್ನೆಟ್ ಸಿಗೋದು ಕಷ್ಟ ಅಲ್ಲ. ಊರಿನ ನಂಬರ್ ಕಳ್ಕೊಂಡ್ರೆ ಕಷ್ಟ. ಮುಂದಿನ ವಾರ ಸಿಗೋಣ.