ಹಕ್ಕಿನ ಖಾತೆಯೂ ಆಡಿಟ್ ಆಗಬೇಕು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅಲ್ಲಿಂದ ನಾವು ಕಲಿತದ್ದು ಎರಡು ಮಾತು: ಕೂಡಿ ದುಡಿಯಬೇಕು, ಕೂಡಿದವರ ಮುಂದೆ ಲೆಕ್ಕ ಒಪ್ಪಿಸಬೇಕು. ಇಪ್ಪತ್ತೈದು ವರ್ಷ ನಮ್ಮ ಸಂಘ ಉಳಿದದ್ದು ಈ ಎರಡನೇ ಮಾತಿನಿಂದ. ವರ್ಷಕ್ಕೊಮ್ಮೆ ಆಡಿಟ್ ಆಗತೈತಿ, ವಾರ್ಷಿಕ ಸಭೆಯಲ್ಲಿ ಯಾರು ಬೇಕಾದರೂ ಎದ್ದು ನಿಂತು ಕೇಳತಾರ.

ದೇಶವೂ ಒಂದು ದೊಡ್ಡ ಸಂಘ ಅಂತ ತಿಳೀರಿ. ಅದರ ಲೆಕ್ಕ ಕೇಳುವವರು ಯಾರು?

1966ರ ಡಿಸೆಂಬರ್ 16ರಂದು ವಿಶ್ವಸಂಸ್ಥೆ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಕೆಲಸ, ನ್ಯಾಯವಾದ ಕೂಲಿ, ಅನ್ನ, ವಸತಿ, ಆರೋಗ್ಯ, ಶಿಕ್ಷಣ, ಸಂಸ್ಕೃತಿ ಇವೆಲ್ಲ ದಾನವಲ್ಲ, ಹಕ್ಕು ಎಂದು ಅದು ಸಾರಿತು. 1976ರಲ್ಲಿ ಅದು ಜಾರಿಗೆ ಬಂತು. 1979ರಲ್ಲಿ ಭಾರತವೂ ಅದಕ್ಕೆ ಸೇರಿತು. ಎಲ್ಲವನ್ನೂ ಒಂದೇ ದಿನ ಕೊಡಿರಿ ಎಂದು ಅದು ಹೇಳುವುದಿಲ್ಲ. ಇದ್ದ ಸಂಪನ್ಮೂಲವನ್ನು ಪೂರ್ತಿ ಬಳಸಿ ಹಂತಹಂತವಾಗಿ ಮುಂದೆ ಸಾಗಿರಿ ಎನ್ನುತ್ತದೆ. ಆದರೆ ಭೇದಭಾವ ಬಿಡಲಿಕ್ಕೆ ಮಾತ್ರ ಯಾವ ಗಡುವೂ ಇಲ್ಲ, ಅದನ್ನು ಇವತ್ತೇ ಬಿಡಬೇಕು.

ಹದಿನೆಂಟು ಮಂದಿ ತಜ್ಞರ ಒಂದು ಸಮಿತಿ ಜಿನೀವಾದಲ್ಲಿ ಕೂತು ದೇಶಗಳ ವರದಿ ನೋಡುತ್ತದೆ. 2008ರ ಮೇ ತಿಂಗಳಲ್ಲಿ ಭಾರತದ ಸರದಿ ಬಂದಿತ್ತು. ನಮ್ಮ ಸರಕಾರ ಎರಡನೆಯದರಿಂದ ಐದನೆಯವರೆಗಿನ ವರದಿಗಳನ್ನು ಒಟ್ಟಿಗೇ ಒಪ್ಪಿಸಿತ್ತು. ನಮ್ಮಲ್ಲಿ ನಾಲ್ಕು ಕಂತು ಕೂಡಿಸಿ ಕಟ್ಟಲು ಬಂದ ಸಾಲಗಾರನಿಗೆ ಕಾರ್ಯದರ್ಶಿಗಳು ಏನು ಅಂತಾರ ಎಂಬುದು ನಿಮಗೆಲ್ಲ ಗೊತ್ತೇ ಇದೆ!

ಸರಕಾರವನ್ನು ಅಂದು ಕೈ ತೊಳೆದುಕೊಳ್ಳುವುದು ಸುಲಭ. ಲೆಕ್ಕ ನೋಡುವ ಬಗೆಯನ್ನು ನಾವೂ ಕಲಿಯಬೇಕು. ಪ್ರಶ್ನೆಗಳು ಮೂರು. ಕಾನೂನು ಆಗಿದೆಯೇ? ಕೆಲಸ ನಡೆದಿದೆಯೇ? ಫಲ ಮನೆಗೆ ಮುಟ್ಟಿದೆಯೇ? ಮೊದಲ ಎರಡಕ್ಕೆ ಹೌದೆಂದು ಬರೆದು ಮೂರನೆಯದನ್ನು ಖಾಲಿ ಬಿಡುವುದೇ ನಮ್ಮ ರೋಗ.

ನರಗುಂದದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಲಪ್ರಭೆಗೆ ಆಣೆಕಟ್ಟು ಆಯಿತು, ಕಾಲುವೆ ಆಯಿತು. ಕಾಗದದ ಮೇಲೆ ಭೂಮಿ ನೀರಾವರಿ ಆಯಿತು, ಅಭಿವೃದ್ಧಿ ಕರವೂ ಬಂತು. ಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರು ಬಂತೇ ಎಂಬ ಪ್ರಶ್ನೆಗೆ ಉತ್ತರ ಸಿಗದಾಗ ರೈತರು ಬೀದಿಗೆ ಇಳಿದರು. 1980ರ ಜುಲೈ 21ರಂದು ಗೋಲಿಬಾರ್ ಆಗಿ ರೈತರ ಜೀವ ಹೋಯಿತು. ಇಂದಿಗೂ ಆ ದಿನ ನಾವು ಹುತಾತ್ಮರನ್ನು ನೆನೆಯುತ್ತೇವೆ. ಮೂರನೇ ಪ್ರಶ್ನೆಯನ್ನು ಸಮಯಕ್ಕೆ ಕೇಳಿ, ಸಮಯಕ್ಕೆ ಉತ್ತರಿಸಿದ್ದರೆ ಆ ರಕ್ತ ಹರಿಯುತ್ತಿರಲಿಲ್ಲ ಎಂಬುದು ನಮ್ಮ ನಂಬಿಕೆ.

ಇನ್ನೊಂದು ಮಾತು. ಸರಾಸರಿ ಎಂಬುದು ಮೋಸ ಮಾಡುತ್ತದೆ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ರಾಜ್ಯದ 175 ತಾಲೂಕುಗಳನ್ನು ಒಂದೊಂದಾಗಿ, 35 ಸೂಚಕಗಳಿಂದ ಅಳೆದು ನೋಡಿತು. 114 ತಾಲೂಕು ಹಿಂದುಳಿದಿವೆ ಎಂದು ತೋರಿಸಿತು. ರಾಜ್ಯದ ಒಟ್ಟು ಲೆಕ್ಕದಲ್ಲಿ ಇದು ಕಾಣುತ್ತಿರಲಿಲ್ಲ. ಹಾಗೆಯೇ ತಾಲೂಕಿನ ಲೆಕ್ಕದಲ್ಲಿ ಓಣಿ ಕಾಣುವುದಿಲ್ಲ, ಓಣಿಯ ಲೆಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕಾಣುವುದಿಲ್ಲ. ರೋಣ ಭಾಗದಲ್ಲಿ ನಳ ಎಷ್ಟು ಎಂದು ಎಣಿಸಿದರೆ ಸಾಲದು. ಕೊಡದಲ್ಲಿ ಬಂದ ನೀರಿನಲ್ಲಿ ಫ್ಲೋರೈಡ್ ಎಷ್ಟು ಎಂದೂ ನೋಡಬೇಕು. ಗಜೇಂದ್ರಗಡದಲ್ಲಿ ಮಗ್ಗ ಎಷ್ಟು ಎಂದರೆ ಸಾಲದು. ನೇಕಾರನ ಕೈಗೆ ದಿನಕ್ಕೆ ಎಷ್ಟು ಬಿತ್ತು, ಅವನ ಮಗ ಆ ವಿದ್ಯೆ ಕಲಿಯಲು ಒಪ್ಪಿದನೇ ಎಂದು ಕೇಳಬೇಕು. ಸಂಸ್ಕೃತಿಯ ಹಕ್ಕು ಅಂದರೆ ಇದೇ.

ಈಗ ನಮ್ಮ ಮನೆಯ ಮಾತು. ಈ ಸಂಚಿಕೆಯಲ್ಲಿ ಇಪ್ಪತ್ತೈದು ವರ್ಷದ ಸಾಲ ವಿತರಣೆಯ ಪಟ್ಟಿ ಐತಿ. ನೋಡಿ ಹೆಮ್ಮೆ ಆಗತೈತಿ. ಆದರೆ ಕೇಳಿ ಬರಿಗೈಲೆ ಹೋದವರ ಪಟ್ಟಿ ಇಲ್ಲ. ಕೆಲವು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಬೀಜಕ್ಕೆ ಸಾಲ ಕೇಳಲು ಬಂದಿದ್ದರು. ಉತಾರದಲ್ಲಿ ಅವರ ಹೆಸರು ಇರಲಿಲ್ಲ. 'ಹೆಸರು ಹಚ್ಚಿಸಿಕೊಂಡು ಬರ್ರಿ ತಾಯಿ' ಅಂದೆವು. ನಿಯಮ ಸರಿ ಇತ್ತು. ಆದರೆ ಹೆಸರು ಹಚ್ಚಿಸಲು ಅವರ ಜೋಡಿ ಕಚೇರಿಗೆ ಹೋಗಲು ನಮ್ಮಲ್ಲಿ ಒಬ್ಬರೂ ಏಳಲಿಲ್ಲ. ಆ ವರ್ಷ ಅವರ ಹೊಲ ಬೀಳು ಬಿತ್ತು. ನಮ್ಮ ಆಡಿಟ್‌ನಲ್ಲಿ ಆ ತಪ್ಪು ಎಲ್ಲೂ ಬರಲಿಲ್ಲ.

ಆದ್ದರಿಂದ ನಮ್ಮ ಬಿನ್ನಹ ಇಷ್ಟೇ. ಮುಂದಿನ ವಾರ್ಷಿಕ ಸಭೆಯಿಂದ ಇನ್ನೊಂದು ಪುಸ್ತಕ ಇಡೋಣ. ಸಾಲ ಸಿಗದವರು ಎಷ್ಟು, ಯಾಕೆ? ಉತಾರದಲ್ಲಿ ಹೆಸರಿಲ್ಲದ ಹೆಣ್ಣುಮಕ್ಕಳು ಎಷ್ಟು? ಶಾಲೆ ಬಿಟ್ಟ ಮಕ್ಕಳು ಎಷ್ಟು? ಉದ್ಯೋಗ ಖಾತರಿಯಲ್ಲಿ ಕೂಲಿ ಬಾಕಿ ಉಳಿದವರು ಎಷ್ಟು? ಕುಡಿಯುವ ನೀರು ಪರೀಕ್ಷೆ ಆಯಿತೇ? ಈ ಐದು ಲೆಕ್ಕ ಓದಿ, ಹೋದ ವರ್ಷಕ್ಕಿಂತ ಮುಂದೆ ಬಂದೆವೋ ಹಿಂದೆ ಸರಿದೆವೋ ನೋಡೋಣ. ಬೇಕಾದ ಕಾಗದ ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಪ್ರಶ್ನೆ ಎತ್ತಲು ಗ್ರಾಮಸಭೆ ಇದೆ.

ಜಿನೀವಾ ದೂರ ಐತ್ರಿ. ಗ್ರಾಮ ಪಂಚಾಯತಿ ಕಟ್ಟೆ ದೂರ ಇಲ್ಲ. ಆ ಹೊಸ ಪುಸ್ತಕದ ಮೊದಲ ಪುಟದಲ್ಲಿ ಆ ತಾಯಿಯ ಅರ್ಜಿಯನ್ನೇ ಬರೆಯೋಣ ಎಂದು ಕೋರಿ, ನಮ್ಮ ಮಾತು ಮುಗಿಸುತ್ತೇವೆ.