ಹಳ್ಳಿಯ ಕಲಾವಿದರೂ ಅವರ ಜೀವನೋಪಾಯವೂ



ವೀಣೆ ಶೇಷಣ್ಣನವರು ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದರೆಂಬುದನ್ನೂ ಅವರ ವಿದ್ಯೆಗೆ ಅರಮನೆಯ ಆಶ್ರಯವಿದ್ದಿತೆಂಬುದನ್ನೂ ನಾವೆಲ್ಲರೂ ಬಲ್ಲೆವು. ಅದೇ ಸೀಮೆಯ ಹಳ್ಳಿಗಳಲ್ಲಿ ತಂಬೂರಿಯನ್ನು ಹೆಗಲಿಗೇರಿಸಿ ರಾತ್ರಿಯುದ್ದಕ್ಕೂ ಮಂಟೇಸ್ವಾಮಿಯ ಕಥೆಯನ್ನು ಹಾಡುತ್ತಿದ್ದ ನೀಲಗಾರನಿಗೆ ಯಾರ ಆಶ್ರಯವಿದ್ದಿತು? ಸುಗ್ಗಿಯ ಕಾಲದಲ್ಲಿ ಒಕ್ಕಲಿನವರು ಕೊಡುತ್ತಿದ್ದ ಕಾಳು, ಮನೆಮನೆಯ ಭಿಕ್ಷೆ, ಹರಕೆ ಹೊತ್ತವರು ಕಥೆ ಮಾಡಿಸಿದಾಗ ದೊರೆಯುತ್ತಿದ್ದ ಊಟ ಮತ್ತು ಕಾಣಿಕೆ, ಇವೇ ಅವನ ಸಂಬಳ. ಊರೇ ಅವನ ಆಸ್ಥಾನವಾಗಿದ್ದಿತು.

ತೊಗಲುಗೊಂಬೆಯ ಆಟದವರನ್ನೇ ತೆಗೆದುಕೊಳ್ಳೋಣ. ಇವರದು ಒಂದು ಮನೆತನದ ಮೇಳ. ಗಂಡಸರೂ ಹೆಂಗಸರೂ ಹಾಡುವವರೇ, ಗೊಂಬೆಯಾಡಿಸುವವರೇ. ಮಕ್ಕಳು ತಾಳ ಹಾಕುತ್ತಲೇ ಕಥೆಯನ್ನು ಕಲಿಯುವರು. ಹದಮಾಡಿದ ತೊಗಲನ್ನು ತೆಳುವಾಗಿ ಹೆರೆದು, ಕತ್ತರಿಸಿ, ರಂಧ್ರಗಳನ್ನು ಕೊರೆದು, ಬಣ್ಣ ಹಾಕಿದ ರಾಮ ರಾವಣರು ಬಿಳಿಯ ಪರದೆಯ ಹಿಂದೆ ದೀಪದ ಬೆಳಕಿನಲ್ಲಿ ಎದ್ದು ನಿಲ್ಲುವರು. ನಡುನಡುವೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬಂದು, ಊರ ಗೌಡನನ್ನೂ ಬಿಡದೆ ಎಲ್ಲರನ್ನೂ ಗೇಲಿಮಾಡಿ ಹೋಗುವರು. ಮಳೆ ಹೋದ ವರ್ಷ, ದನಗಳಿಗೆ ಜಾಡ್ಯ ತಗಲಿದ ವರ್ಷ, ಊರಿನವರು ಈ ಮೇಳವನ್ನು ತಾವಾಗಿಯೇ ಕರೆತರುತ್ತಿದ್ದರು. ರಾಮಾಯಣವನ್ನಾಡಿಸಿದರೆ ಮಳೆ ಬರುವುದೆಂಬುದು ಅವರ ನಂಬಿಕೆ. ಆದುದರಿಂದ ಆಟದವರಿಗೆ ಕೊಟ್ಟ ಜೋಳವೂ ದೀಪದ ಎಣ್ಣೆಯೂ ದಾನವೆಂದಾಗಲಿ ಕೂಲಿಯೆಂದಾಗಲಿ ಎಣಿಕೆಗೆ ಬರುತ್ತಿರಲಿಲ್ಲ. ಕೆರೆಯ ತೂಬನ್ನು ದುರಸ್ತಿಮಾಡಿಸಿದಂತೆ ಅದೂ ಊರಿನ ಒಂದು ಖರ್ಚು. ಮಳೆ ಬಂದಿತೋ ಇಲ್ಲವೋ ಎಂಬ ವಿಚಾರವನ್ನು ನಾವು ಇಲ್ಲಿ ಎತ್ತುವುದಿಲ್ಲ. ಕಲಾವಿದನು ಯಾರ ಮುಂದೆಯೂ ಕೈಯೊಡ್ಡದೆ ಉಂಡನೆಂಬುದಷ್ಟೇ ನಮಗೆ ಇಲ್ಲಿ ಮುಖ್ಯ.

ಈ ಏರ್ಪಾಡು ಮುರಿದುಬಿದ್ದ ಬಗೆಯನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. ಕಾಳಿನ ಬದಲು ರೊಕ್ಕ ಬಂದಿತು. ಚಲಚ್ಚಿತ್ರ ಬಂದಿತು, ಬಳಿಕ ದೂರದರ್ಶನ. ಮಳೆಗಾಗಿ ಗೊಂಬೆಯಾಡಿಸುತ್ತಿದ್ದ ಊರಿನವರು ಕೊಳವೆಬಾವಿಯನ್ನು ಕೊರೆಯಿಸಿದರು. ಆಟದ ಮನೆತನಗಳವರು ಹಳೆಯ ಗೊಂಬೆಗಳನ್ನು ಹಳೆಯ ವಸ್ತುಗಳ ವ್ಯಾಪಾರಿಗಳಿಗೆ ಮಾರಿ ಹೊಟ್ಟೆ ಹೊರೆದುಕೊಂಡರು. ನಾಲ್ಕು ತಲೆಮಾರು ಕಾಪಾಡಿದ ಗೊಂಬೆಗಳು ಈಗ ದೇಶವಿದೇಶಗಳ ಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಕ್ಷೇಮವಾಗಿವೆ.

ಅರಸುಗಳ ಕಾಲ ಮುಗಿದ ಮೇಲೆ ಸರ್ಕಾರವು ಈ ಹೊಣೆಯನ್ನು ಸ್ವಲ್ಪಮಟ್ಟಿಗೆ ಹೊತ್ತುಕೊಂಡಿತು. 1953ರಲ್ಲಿ ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿಯೂ, 1980ರಲ್ಲಿ ಕರ್ನಾಟಕದಲ್ಲಿ ಜಾನಪದ ಮತ್ತು ಯಕ್ಷಗಾನ ಅಕಾಡೆಮಿಯೂ ಹುಟ್ಟಿದುವು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ವೃದ್ಧ ಕಲಾವಿದರಿಗೆ ಮಾಸಾಶನವುಂಟು, ಪ್ರಶಸ್ತಿಗಳುಂಟು. 2025ರಲ್ಲಿ ಕೊಪ್ಪಳ ಸೀಮೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಎಂಬ ತೊಂಬತ್ತು ದಾಟಿದ ಅಜ್ಜಿಗೆ ತೊಗಲುಗೊಂಬೆಯ ಆಟಕ್ಕಾಗಿ ಪದ್ಮಶ್ರೀ ಪ್ರಶಸ್ತಿ ಬಂದುದನ್ನು ಕೇಳಿ ಸಂತೋಷಪಡದವರಾರು? ಇವೆಲ್ಲವೂ ಮೆಚ್ಚತಕ್ಕ ಕಾರ್ಯಗಳೇ.

ಆದರೂ ನಮ್ಮ ಮನಸ್ಸಿಗೆ ಸಮಾಧಾನವಿಲ್ಲ. ಸಹಾಯ ಬೇಡುವವನು ತಾನು ಕಲಾವಿದನೆಂಬುದನ್ನು ಕಾಗದದಿಂದ ತೋರಿಸಬೇಕು. ದಾರಿಯ ಮೇಲೆ, ಗಾಡಿಯ ಕೆಳಗೆ ಹುಟ್ಟಿದವನಿಗೆ ಜನನಪತ್ರವೆಲ್ಲಿಯದು? ಹಳ್ಳಿಯ ಗುಡಿಯ ಮುಂದೆ ಆಡಿದ ಆಟವನ್ನು ಯಾವ ಪತ್ರಿಕೆ ವರದಿಮಾಡಿತ್ತು? ನಾವು ಬಲ್ಲ ಒಬ್ಬ ಮೇಳದ ಯಜಮಾನರು ಸಾಲ ತಂದು, ಹನ್ನೊಂದು ಜನರನ್ನು ಕಟ್ಟಿಕೊಂಡು ಒಂದು ಉತ್ಸವಕ್ಕೆ ಹೋದರು. ಸಂಭಾವನೆ ಕೈಗೆ ಬಂದದ್ದು ಮರುವರ್ಷ; ಅಷ್ಟರಲ್ಲಿ ಬಡ್ಡಿಯೇ ಅದರ ಅರ್ಧವನ್ನು ನುಂಗಿತ್ತು. "ಸ್ವಾಮೀ, ಇನ್ನೊಂದು ಉತ್ಸವಕ್ಕೆ ಕರೆದರೆ ನಮ್ಮ ಮನೆಯೇ ಹರಾಜಾದೀತು" ಎಂದು ಅವರು ನಗುತ್ತಲೇ ನಮಗೆ ಹೇಳಿದರು.

ಇದಕ್ಕಿಂತಲೂ ಸೂಕ್ಷ್ಮವಾದ ಹಾನಿ ಇನ್ನೊಂದುಂಟು. ಸರ್ಕಾರದ ಹಣವು ಹೆಚ್ಚಾಗಿ ಮೆರವಣಿಗೆಗೂ ವೇದಿಕೆಗೂ ಹರಿಯುತ್ತದೆ. ಮೆರವಣಿಗೆಯಲ್ಲಿ ನಡೆಯಬಲ್ಲದ್ದು ಯಾವುದು? ಡೊಳ್ಳು ನಡೆದೀತು, ಪೂಜಾ ಕುಣಿತ ನಡೆದೀತು. ದೇವರಗುಡ್ಡರ ಬೀಸು ಕಂಸಾಳೆಯು ವೇದಿಕೆಯ ಮೇಲೆ ಹತ್ತು ನಿಮಿಷ ಮಿಂಚೀತು. ಆದರೆ ಬೆಳಗಿನ ಜಾವದವರೆಗೆ ಹಾಡತಕ್ಕ ಮಾದೇಶ್ವರನ ಕಥೆ ರಸ್ತೆಯಲ್ಲಿ ನಡೆಯಲಾರದು. ಹೀಗಾಗಿ ಕಾಲಿನ ಕಲೆ ಉಳಿದು ಕೊರಳಿನ ಕಲೆ ಸೊರಗುತ್ತಿದೆ. ಹತ್ತು ನಿಮಿಷಕ್ಕೇ ಹಣ ದೊರೆಯುವಾಗ ಹತ್ತು ರಾತ್ರಿಗಳ ಕಥೆಯನ್ನು ಕಲಿಯೆಂದು ಮಗನಿಗೆ ಯಾವ ತಂದೆ ಹೇಳಿಯಾನು?

ಕರಾವಳಿಯ ಕಡೆಗೆ ತಿರುಗಿದರೆ ಬೇರೆ ಚಿತ್ರ ಕಾಣುವುದು. ಕಟೀಲು, ಮಂದಾರ್ತಿ ಮೊದಲಾದ ಕ್ಷೇತ್ರಗಳ ಯಕ್ಷಗಾನ ಮೇಳಗಳು ದೀಪಾವಳಿಯ ಅನಂತರ ಹೊರಟು ಪತ್ತನಾಜೆಯವರೆಗೆ ಊರೂರು ತಿರುಗುತ್ತವೆ. ಹರಕೆ ಹೊತ್ತ ಮನೆಯವರು ಆಟದ ವೆಚ್ಚವನ್ನು ಭರಿಸುವರು. ನೋಡುವವರು ಕಾಸು ಕೊಡಬೇಕಾಗಿಲ್ಲ. ವೇಷಧಾರಿಗೆ ಅರ್ಧ ವರ್ಷದ ಸಂಬಳ ನಿಶ್ಚಿತ. ಮಳೆಗಾಲದ ಕಷ್ಟಕ್ಕೂ ಕಾಯಿಲೆಗೂ ನೆರವಾಗಲು ಉಡುಪಿಯಲ್ಲಿ 1975ರಿಂದ ಯಕ್ಷಗಾನ ಕಲಾರಂಗವೆಂಬ ಸಂಸ್ಥೆಯಿದೆ. ಯಕ್ಷಗಾನಕ್ಕೆ ದೇವಸ್ಥಾನದ ಬೆನ್ನಾಸರೆಯುಂಟು, ಗೊಂಬೆಯವರಿಗೆ ಅದಿಲ್ಲ, ಎಂದು ನೀವು ಹೇಳಬಹುದು. ಒಪ್ಪತಕ್ಕ ಮಾತೇ. ಆದರೆ ಹೆಗ್ಗೋಡಿನ ನೀನಾಸಮ್ ತಿರುಗಾಟಕ್ಕೆ ಯಾವ ದೇವರ ಹರಕೆಯೂ ಇಲ್ಲ; 1985ರಿಂದ ಆ ನಾಟಕಗಳನ್ನು ಸ್ಥಳೀಯರೇ ತಮ್ಮ ಊರುಗಳಿಗೆ ಕರೆಸಿಕೊಳ್ಳುತ್ತಿದ್ದಾರೆ.

ನಮ್ಮ ಅಭಿಪ್ರಾಯವಿಷ್ಟೆ: ಹಣದಲ್ಲಿ ಒಂದು ಪಾಲು ಕಲಾವಿದನ ಅರ್ಜಿಗಲ್ಲದೆ ಊರಿನ ಕರೆಗೆ ಸಲ್ಲಲಿ. ಮೂರು ರಾತ್ರಿ ಆಟವಾಡಿಸುವ ಹಳ್ಳಿಗೆ ವೆಚ್ಚದ ಅರ್ಧವನ್ನು ಸರ್ಕಾರ ಕೊಡಲಿ, ಉಳಿದರ್ಧವನ್ನು ಊರು ಕಾಳಿನಲ್ಲೋ ರೊಕ್ಕದಲ್ಲೋ ಹೊಂದಿಸಿಕೊಳ್ಳಲಿ. ಪಂಚಾಯಿತಿಯವರು ತಮ್ಮ ನಂಟರ ಮೇಳವನ್ನೇ ಕರೆದಾರು ಎಂಬ ಆಕ್ಷೇಪಣೆ ಬಾರದಿರದು, ಕರೆದರೂ ಕರೆದಾರು. ಆದರೆ ತನ್ನ ಗಂಟಿನಿಂದಲೂ ಕೊಟ್ಟ ಊರು ಕೆಟ್ಟ ಆಟವನ್ನು ಎರಡನೆಯ ರಾತ್ರಿ ಸಹಿಸುವುದಿಲ್ಲವೆಂಬುದನ್ನು ಬಯಲಾಟ ನೋಡಿದವರೆಲ್ಲರೂ ಬಲ್ಲರು. ವೃದ್ಧರ ಮಾಸಾಶನ ಇದ್ದೇ ಇರಲಿ; ಅದಕ್ಕೆ ಕಾಗದದ ಸಾಕ್ಷಿಯಿಲ್ಲದಿದ್ದರೆ ಆ ಊರಿನ ಹತ್ತು ಜನ ಹಿರಿಯರ ಮಾತು ಸಾಕೆಂದಾಗಲಿ. ಮತ್ತು ಸಂಭಾವನೆಯ ಅರ್ಧವಾದರೂ ಮೇಳ ಹೊರಡುವ ಮೊದಲೇ ಯಜಮಾನನ ಕೈ ಸೇರಬೇಕು. ಆ ಮುಂಗಡದಿಂದ ಆಗಬೇಕಾದ ಕೆಲಸಗಳು ದೊಡ್ಡವೇನೂ ಅಲ್ಲ: ಹನ್ನೊಂದು ಜನರ ಬಸ್ಸಿನ ಚೀಟಿ, ಮೃದಂಗಕ್ಕೆ ಹೊಸ ಮುಚ್ಚಿಗೆ, ಅಂಚು ಹರಿದ ಸೀತೆಯ ಗೊಂಬೆಗೆ ತೇಪೆ ಹಾಕಲು ಹದಮಾಡಿದ ಒಂದು ತುಂಡು ಆಡಿನ ತೊಗಲು.