ನಟಸಮ್ರಾಟನ ಹೆಸರು ಯಾವ ಮಸ್ಟರಿನಲ್ಲಿದೆ?

(ಕುರಕುಂಟಾದಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣ)



ಮರಾಠಿಯ ‘ನಟಸಮ್ರಾಟ್’ ನಿಮ್ಮಲ್ಲಿ ಹಲವರಿಗೆ ಗೊತ್ತು. ನೋಡದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇವೆ. ಗಣಪತರಾವ್ ಬೆಲವಲಕರ್ ಎಂಬ ಹೆಸರಾಂತ ನಾಟಕದ ನಟ ಸನ್ಮಾನ ಮಾಡಿಸಿಕೊಂಡು ರಂಗದಿಂದ ಇಳಿಯುತ್ತಾನೆ. ಗಳಿಸಿದ್ದನ್ನೆಲ್ಲ ಮಗ ಮಗಳಿಗೆ ಹಂಚುತ್ತಾನೆ. ಮಗನ ಮನೆಯಲ್ಲಿ ನೆಲೆ ಸಿಗುವುದಿಲ್ಲ. ಮಗಳ ಮನೆಯಲ್ಲಿ ಕಳ್ಳನೆಂಬ ಆಪಾದನೆ ಬರುತ್ತದೆ. ಹೆಂಡತಿ ಕಾವೇರಿ ತೀರಿಕೊಳ್ಳುತ್ತಾಳೆ, ಮುದುಕ ಬೀದಿಗೆ ಬೀಳುತ್ತಾನೆ.

ವಿ. ವಾ. ಶಿರವಾಡಕರ್ ಬರೆದ ಈ ನಾಟಕ ಮೊದಲು ರಂಗಕ್ಕೆ ಬಂದದ್ದು 1970ರ ಡಿಸೆಂಬರಿನಲ್ಲಿ. ವೈದ್ಯವೃತ್ತಿ ಬಿಟ್ಟು ನಾಟಕಕ್ಕೆ ಬಂದಿದ್ದ ಶ್ರೀರಾಮ್ ಲಾಗೂ ಆ ಮುದುಕನಾದರು. 1974ರಲ್ಲಿ ಕೃತಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2016ರ ಜನವರಿಯಲ್ಲಿ ಮಹೇಶ್ ಮಾಂಜ್ರೇಕರ್ ಅದನ್ನು ಚಿತ್ರ ಮಾಡಿದರು. ನಾನಾ ಪಾಟೇಕರರ ಅಭಿನಯವನ್ನು ವಿಮರ್ಶಕರು ಮನಸಾರೆ ಹೊಗಳಿದರು. ನಾಟಕದಲ್ಲಿಲ್ಲದ ಗೆಳೆಯನ ಪಾತ್ರದಲ್ಲಿ ವಿಕ್ರಮ್ ಗೋಖಲೆಯವರನ್ನೂ ಮೆಚ್ಚಿದರು. ಆದರೆ ಅಳು ಹೆಚ್ಚಾಯಿತು, ಅಬ್ಬರ ಹೆಚ್ಚಾಯಿತು ಎಂದವರೂ ಇದ್ದರು. ಜನ ಮಾತ್ರ ಥಿಯೇಟರಿಗೆ ಮುಗಿಬಿದ್ದರು.

ಅಬ್ಬರದ ದೂರನ್ನು ನಾವು ಅಷ್ಟಾಗಿ ಒಪ್ಪುವುದಿಲ್ಲ. ತಗಡಿನ ಥಿಯೇಟರಿನ ಕಡೇ ಸಾಲಿಗೂ ಕೇಳಬೇಕೆಂದು ಆಯುಷ್ಯವಿಡೀ ಕಂಠ ಹರಿದುಕೊಂಡವನು ಮುಪ್ಪಿನಲ್ಲಿ ಪಿಸುಮಾತಿನಲ್ಲಿ ಅತ್ತಾನೆಯೇ? ನಮ್ಮ ತಕರಾರು ಬೇರೆ. ಲಿಯರ್ ರಾಜನ ಛಾಯೆ ಇದರಲ್ಲಿದೆ ಎಂದು ಎಲ್ಲರೂ ಬರೆದರು. ಸರಿ. ಆದರೆ ಲಿಯರ್ ಕಳೆದುಕೊಂಡದ್ದು ರಾಜ್ಯವನ್ನು. ಬೆಲವಲಕರ್ ಕಳೆದುಕೊಂಡದ್ದು ದುಡಿದು ಕಟ್ಟಿದ ಮನೆಯನ್ನು. ಅವನು ದುಡಿಯುವವನು, ನಮ್ಮವನು. ಇಂಥವನ ದುರ್ಗತಿಗೆ ಚಿತ್ರ ಹೊಣೆ ಹೊರಿಸುವುದು ಯಾರ ಮೇಲೆ? ಸೊಸೆಯ ಮೇಲೆ, ಮಗಳ ಮೇಲೆ. ಪ್ರೇಕ್ಷಕ ಸೊಸೆಯನ್ನು ಶಪಿಸುತ್ತ ಮನೆಗೆ ಹೋಗುತ್ತಾನೆ. ಅಷ್ಟು ವರ್ಷ ಅವನ ಹೆಸರಿನ ಮೇಲೆ ಟಿಕೀಟು ಮಾರಿದವರು ಶಾಲು ಹೊದಿಸಿ ಕೈ ತೊಳೆದುಕೊಂಡರಲ್ಲ, ಅವರ ಕಡೆ ಬೆರಳು ಹೋಗುವುದಿಲ್ಲ. ಚಾಪ್ಲಿನ್ನನ ‘ಲೈಮ್‌ಲೈಟ್’ (1952) ಚಿತ್ರದಲ್ಲೂ ಮುದಿ ವಿದೂಷಕ ಚಪ್ಪಾಳೆ ಗಿಟ್ಟಿಸಿಕೊಂಡೇ ಪ್ರಾಣ ಬಿಡುತ್ತಾನೆ. ಮುದಿ ನಟ ಹೀಗೆ ಚೆಂದವಾಗಿ ಸತ್ತರೆ ನೋಡುವವರಿಗೂ ಸಮಾಧಾನ. ಬದುಕಿ ಉಳಿದರೆ ಕಿರಾಣಿ ಅಂಗಡಿಯ ಉದ್ರಿ ಯಾರು ತೀರಿಸಬೇಕು?

ಉದ್ರಿಯ ಮಾತು ಇಲ್ಲಿ ಕೂತ ಅಂಗಡಿಕಾರರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ಈ ಊರಿನ ಸಿಮೆಂಟ್ ಕಾರ್ಖಾನೆ 1990ರ ದಶಕದ ಕೊನೆಗೆ ನಿಂತಿತು. ಆದರೂ ಅಲ್ಲಿ ದುಡಿದವನ ಕೈಯಲ್ಲಿ ಒಂದು ಟಿಕೀಟ್ ನಂಬರಿತ್ತು, ಪಗಾರದ ಚೀಟಿಯಿತ್ತು, ಪಿ.ಎಫ್. ಲೆಕ್ಕವಿತ್ತು. ಅದನ್ನು ಹಿಡಿದು ಕಚೇರಿಯ ಮೆಟ್ಟಿಲು ಹತ್ತಿ ವಾದಿಸಬಹುದಿತ್ತು. ನಾಟಕ ಕಂಪನಿಯ ನಟನಿಗೆ ಎಲ್ಲಿಯ ಮಸ್ಟರು? ಬನಶಂಕರಿ ಜಾತ್ರೆಯಲ್ಲಿ ಕ್ಯಾಂಪು ತುಂಬಿದರೆ ಪಗಾರ, ಮಳೆ ಹಿಡಿದರೆ ಮಾಲಕನಿಗೆ ಸಾಲ, ನಟನಿಗೆ ಉಪವಾಸ. 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ಹೆಣ್ಣುಪಾತ್ರದಿಂದ ಬಸವಣ್ಣನ ಪಾತ್ರದವರೆಗೆ ನಡೆದು, ಕಲಾವೈಭವ ನಾಟ್ಯ ಸಂಘ ಕಟ್ಟಿ, 2017ರಲ್ಲಿ ತೀರಿಕೊಂಡರು. ನಾಡು ಅವರನ್ನು ಗೌರವಿಸಿತು, ಸಂತೋಷ. ಅಂಥ ಕಂಪನಿಗಳಲ್ಲಿ ಪರದೆ ಎಳೆದವರ, ಪೇಟಿ ನುಡಿಸಿದವರ, ದಾಸಿಯ ಪಾತ್ರದಲ್ಲೇ ಮುಪ್ಪಾದ ಹೆಣ್ಣುಮಕ್ಕಳ ಹೆಸರು ಯಾರು ಬರೆದಿಟ್ಟಿದ್ದಾರೆ?

ಐವತ್ತೆಂಟು ದಾಟಿದ ಬಡ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವುಂಟು. ಅರ್ಜಿಯ ಜೊತೆ ಕಲಾಸೇವೆಗೆ ದಾಖಲೆ ಬೇಕು. ಮುರಿದುಹೋದ ಕಂಪನಿಯ ಕಾಗದ ಮುದುಕಿ ಎಲ್ಲಿಂದ ತಂದಾಳು? ಹಳೆಯ ಹ್ಯಾಂಡ್‌ಬಿಲ್ಲು, ಒಂದು ಫೋಟೋ, ಜೊತೆಗೆ ಆಡಿದವರ ಸಾಕ್ಷಿ—ಇವನ್ನು ಕೂಡಿಸುವ ಕೆಲಸ ನಮ್ಮಿಂದ ಆಗಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ನಿಮ್ಮ ನಿಮ್ಮ ಹಳ್ಳಿಗಳಲ್ಲಿ ಬಣ್ಣ ಹಚ್ಚಿ ಮುದುಕರಾದವರು ಯಾರಿದ್ದಾರೆ, ಯಾವ ಕಂಪನಿಯಲ್ಲಿ ಎಷ್ಟು ವರ್ಷ ಇದ್ದರು ಎಂದು ಕೇಳಿ ಬರೆದು ತನ್ನಿ. ಮುಂದಿನ ಸಭೆಯಲ್ಲಿ ಮೊದಲು ಆ ಪಟ್ಟಿಯನ್ನೇ ಓದೋಣ.